ಹತ್ತು ನಿಮಿಷದ ಹೊಗೆ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಬನಾರಸಿನ ನಮ್ಮ ಓಣಿಯಲ್ಲಿ ಆಗ ಇದ್ದದ್ದು ಮೂರೇ ಮೂರು ಗಾಡಿ. ಕಣ್ಣು ಮುಚ್ಚಿಕೊಂಡು ಕೂತರೂ ಬರುತ್ತಿರುವುದು ಯಾರದೆಂದು ನಾವು ಮಕ್ಕಳು ಹೇಳಿಬಿಡುತ್ತಿದ್ದೆವು. ವಕೀಲರ ಸ್ಕೂಟರ್ ಕೆಮ್ಮುತ್ತ ಬರುತ್ತಿತ್ತು. ಔಷಧದಂಗಡಿಯವರ ಮೊಪೆಡ್ ಗುಂಯ್‌ಗುಡುತ್ತಿತ್ತು. ಮೂರನೆಯದು ನಮ್ಮಪ್ಪನ ಫಟಫಟಿ. ನಮ್ಮ ಗದಗಿನ ಕಡೆಯೂ ಮೋಟರ್ ಸೈಕಲ್ಲಿಗೆ ಅದೇ ಹೆಸರು, ಬನಾರಸಿನಲ್ಲೂ ಅದೇ. ಅವ್ವ ಆ ಊರಿಗೆ ಬಂದಿಳಿದ ದಿನ ಅರ್ಥವಾದ ಮೊದಲ ಹಿಂದಿ ಶಬ್ದ ಅದೇ ಅಂತೆ.

ಅಪ್ಪ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧಕರಾಗಿದ್ದರು. ನನಗೆ ನಾಲ್ಕು ವರ್ಷವಿದ್ದಾಗ ನಮ್ಮನ್ನು ಕರೆದುಕೊಂಡು ಹೋದರು. ನಾನು ಓಣಿಯ ಮಕ್ಕಳೊಡನೆ ಬೆರೆತು ಆರು ತಿಂಗಳಲ್ಲಿ ಹಿಂದಿಯವಳೇ ಆಗಿಬಿಟ್ಟೆ. ಅವ್ವ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸಿ ಬೈಸಿಕೊಳ್ಳುತ್ತಿದ್ದೆ. ಅವ್ವನ ಹಿಂದಿ ಮಾತ್ರ ತರಕಾರಿ ಗಾಡಿಯ ಮುಂದೆಯೇ ನಿಂತುಬಿಟ್ಟಿತ್ತು. ಆಲೂ, ಮಟರ್, ಕಿತನಾ, ಬಸ್. ಮನೆಯ ಮಾಲೀಕರ ಹೆಂಡತಿ, ನಾವು ಚಾಚಿ ಎನ್ನುತ್ತಿದ್ದವರು, ಅಂಗಳದಲ್ಲಿ ಕೂತು ಗಂಟೆಗಟ್ಟಲೆ ಮಾತಾಡುವಾಗ ಅವ್ವ ನಗುತ್ತ ತಲೆಯಾಡಿಸುತ್ತಿದ್ದಳು. ಒಂದು ಸಲ ಚಾಚಿ ತಮ್ಮ ಅತ್ತೆ ತೀರಿಕೊಂಡ ಕತೆ ಹೇಳುವಾಗಲೂ ಹಾಗೇ ನಕ್ಕು ಪೇಚಾಟವಾಗಿತ್ತು.

ಅವ್ವನ ಪಾಲಿಗೆ ವಾರದಲ್ಲಿ ಇದ್ದದ್ದು ರವಿವಾರ ಒಂದೇ. ಅವತ್ತು ಅಪ್ಪ ಫಟಫಟಿ ಹೊರಗೆ ತೆಗೆಯುತ್ತಿದ್ದರು. ಅದು ನಿವೃತ್ತರಾದ ಒಬ್ಬ ಪ್ರೊಫೆಸರರಿಂದ ಕೊಂಡ ಗಾಡಿ, ನನಗಿಂತ ಅದಕ್ಕೆ ವಯಸ್ಸು ಹೆಚ್ಚು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದಂಥದು. ನಾನು ಮುಂದೆ ಟ್ಯಾಂಕಿನ ಮೇಲೆ, ಅಪ್ಪ ನಡುವೆ, ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟುಕೊಂಡು ಅವ್ವ. ಮೊದಲು ಗೋದೌಲಿಯಾದ ಹತ್ತಿರ ಇದ್ದ ನಮ್ಮ ಕಡೆಯ ಮಠಕ್ಕೆ. ಅಪ್ಪ ಸ್ವಾಮಿಗಳ ಹತ್ತಿರ ಕೂತರೆ ಅವ್ವ ನೇರವಾಗಿ ಅಡುಗೆಮನೆಗೆ ನಡೆದುಬಿಡುತ್ತಿದ್ದಳು. ಅಲ್ಲಿ ಬಾಗಲಕೋಟೆಯ ಕಡೆಯ ಇಬ್ಬರು ಹೆಣ್ಣುಮಕ್ಕಳು ದಾಸೋಹದ ಅಡುಗೆ ನೋಡಿಕೊಳ್ಳುತ್ತಿದ್ದರು. ಅವರ ಜೊತೆ ಕೂತು ಕಾಯಿಪಲ್ಲೆ ಹೆಚ್ಚುತ್ತ ಅವ್ವ ಆಡುತ್ತಿದ್ದ ಮಾತು, ನಗು ನಮ್ಮ ಮನೆಯಲ್ಲಿ ಎಂದೂ ಕೇಳಿಸುತ್ತಿರಲಿಲ್ಲ. ಊಟ ಮುಗಿಸಿ, ಬಿಸಿಲು ಚೆನ್ನಾಗಿದ್ದರೆ ಸಾರನಾಥಕ್ಕೆ. ಅಲ್ಲಿ ಹುಲ್ಲಿನ ಮೇಲೆ ಕೂತು ಉಪ್ಪುಖಾರ ಹಚ್ಚಿದ ಪೇರಲಹಣ್ಣು ತಿನ್ನುವುದು. ವಾಪಸು ಬರುವಾಗ ಬಿಸಿ ಎಂಜಿನ್ನಿನ ಹತ್ತಿರ ಕಾಲಿಟ್ಟುಕೊಂಡು ನಾನು ತೂಕಡಿಸುತ್ತಿದ್ದೆ. ಎಣ್ಣೆ ಸುಟ್ಟ ಆ ವಾಸನೆ ನನ್ನ ಕಾಲುಚೀಲದಲ್ಲಿ ಸೋಮವಾರದವರೆಗೂ ಇರುತ್ತಿತ್ತು.

ನನಗೆ ಹತ್ತು ವರ್ಷವಾದ ಆ ಸಲ ಮಳೆಗಾಲದಲ್ಲಿ ಗಂಗೆ ಜೋರಾಗಿ ಏರಿತ್ತು. ನೀರು ಇಳಿದ ಮೇಲೆ ಘಾಟಿನ ಮೆಟ್ಟಿಲುಗಳ ಮೇಲೆ ಮೊಣಕಾಲುದ್ದ ಕೆಸರು. ಊರಿನಿಂದ ಬಂದ ನೆಂಟರಿಗೆ ಸ್ನಾನ ಮಾಡಿಸಲು ಹೋದ ಅಪ್ಪ ಆ ಕೆಸರಿನಲ್ಲಿ ಜಾರಿದರು. ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ನಾಲ್ವರು ನಾವಿಕರು ಅವರನ್ನು ಹೊರಸಿನ ಮೇಲೆ ಮಲಗಿಸಿಕೊಂಡು ಓಣಿಗೆ ತಂದಾಗ ಅವ್ವ ಬಾಗಿಲಿನ ಎರಡೂ ಕದ ತೆರೆದು ಹಿಡಿದಳು.

ಫಟಫಟಿ ಅಂಗಳದ ಮೆಟ್ಟಿಲಿನ ಕೆಳಗೆ ನಿಂತಿತು. ಅದರ ಮೇಲೆ ಅವ್ವ ಎರಡು ಗೋಣಿಚೀಲ ಹೊದಿಸಿದಳು. ಐದು ತಿಂಗಳು ಅದು ಅಲ್ಲಿಂದ ಅಲುಗಲಿಲ್ಲ. ನಮಗೆ ಮಕ್ಕಳಿಗೆ ಅದು ಆಟದ ಸಾಮಾನಾಯಿತು. ನಾನು ಮೇಲೆ ಕೂತು ಹ್ಯಾಂಡಲ್ ಹಿಡಿದರೆ ಚಾಚಿಯ ಮಗಳು ಹಿಂದೆ ನಿಂತು "ಕೈಂಟ್, ಕೈಂಟ್, ಏಕ್ ಸವಾರಿ" ಎಂದು ಕ್ಯಾಂಟ್ ಸ್ಟೇಷನ್ನಿನ ಆಟೋದವರ ಹಾಗೆ ಕೂಗುತ್ತಿದ್ದಳು. ಗೋಣಿಚೀಲದ ಧೂಳು ಮೂಗಿಗೆ ಹೊಕ್ಕು ಇಬ್ಬರೂ ಸೀನುತ್ತಿದ್ದೆವು.

ಚಳಿಗಾಲ ಬಂತು. ಹತ್ತು ಗಂಟೆಯವರೆಗೂ ಓಣಿಯ ತುಂಬ ಮಂಜು. ಕಲ್ಲಿದ್ದಲಿನ ಅಂಗೀಠಿ ಒಲೆಯ ವಾಸನೆ, ಸಾಸಿವೆ ಎಣ್ಣೆಯಲ್ಲಿ ಹಸಿ ಬಟಾಣಿ ಹುರಿಯುವ ವಾಸನೆ, ಬೆಳಿಗ್ಗೆ ಮಣ್ಣಿನ ಕುಡಿಕೆಯಲ್ಲಿ ಮಾರುವ ಮಲೈಯೋ ಎಂಬ ಕೇಸರಿ ಹಾಲಿನ ನೊರೆ. ನಾನಂತೂ ಸುಖವಾಗಿದ್ದೆ. ಅಪ್ಪ ಹಗಲೆಲ್ಲ ಮನೆಯಲ್ಲೇ ಸಿಗುತ್ತಿದ್ದರು, ಗಣಿತ ಹೇಳಿಕೊಡುತ್ತಿದ್ದರು. ಅವ್ವ ಮಾತ್ರ ಕಡಿಮೆ ಮಾತಾಡತೊಡಗಿದ್ದಳು. ಸೈಕಲ್ ರಿಕ್ಷಾದಲ್ಲಿ ಮಠಕ್ಕೆ ಹೋಗಿ ಬಾ ಎಂದು ಅಪ್ಪ ಒಂದೆರಡು ಸಲ ಹೇಳಿದ್ದರು. ನಿಮ್ಮನ್ನ ಬಿಟ್ಟು ಹ್ಯಾಂಗ ಹೋಗ್ಲಿ ಎಂದು ಅವಳು ಹೋಗಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಯಾರೋ ಬಂದಿದ್ದಾರೆಂದು ಇಣುಕಿದರೆ, ಅವ್ವ ಒಲೆಯ ಮೇಲಿನ ಹಾಲಿಗೆ "ತಡಿಯವ್ವಾ, ಅಷ್ಟ್ಯಾಕ ಅವಸರ" ಎನ್ನುತ್ತಿದ್ದಳು. ನನಗೆ ನಗು ಬಂತು. ಅಷ್ಟೇ ನನಗೆ ತಿಳಿದದ್ದು.

ಜನವರಿ ಕೊನೆಗೆ ಅಪ್ಪ ಕೋಲು ಹಿಡಿದು ಓಡಾಡುವಂತಾದರು. ನಡೆಯಬಹುದು, ಬ್ರೇಕು ಒತ್ತಲೂ ಅಡ್ಡಿಯಿಲ್ಲ, ಆದರೆ ಆ ಕಾಲಿನಿಂದ ಇನ್ನು ಕಿಕ್ ಹೊಡೆಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಎರಡು ದಿನ ಅಪ್ಪ ಯೋಚನೆ ಮಾಡಿದರು. ಮೂರನೆಯ ದಿನ ಊಟಕ್ಕೆ ಕೂತಾಗ, ಗಾಡಿ ಮಾರಿಬಿಡುತ್ತೇನೆ, ಸಾರನಾಥದ ಕಡೆಯ ಒಬ್ಬ ಹಾಲಿನವರು ರವಿವಾರ ನೋಡಲು ಬರುತ್ತಾರೆ ಎಂದರು. ಅವ್ವ ರೊಟ್ಟಿ ಬಡಿಸುತ್ತ, ನಿಮ್ಮ ಗಾಡಿ, ನಿಮ್ಮ ಮರ್ಜಿ ಎಂದಳು. ನಾನು ತಾಟಿನ ಮುಂದೆಯೇ ಅತ್ತೆ. ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ನಮ್ಮ ಫಟಫಟಿ ಯಾರದೋ ಎಮ್ಮೆ ಕೊಟ್ಟಿಗೆಗೆ ಹೋಗುವುದನ್ನು ನೆನೆದೇ ಅಳು ಬಂದಿತ್ತು.

ಓಣಿಯ ಮೂಲೆಯಲ್ಲಿ ಅರಳಿಮರದ ಕೆಳಗೆ ಮುನ್ನಾ ಮಿಸ್ತ್ರಿಯ ರಿಪೇರಿ ಅಂಗಡಿಯಿತ್ತು. ಗಾಡಿ ಮಾರುತ್ತಿದ್ದೇವೆ, ರವಿವಾರ ಬಂದು ಚಾಲೂ ಮಾಡಿಕೊಡಬೇಕು ಎಂದು ಅವನಿಗೆ ಹೇಳಿ ಬರಲು ಅಪ್ಪ ನನ್ನನ್ನು ಕಳಿಸಿದರು. ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದ ಮುನ್ನಾ ಸಮಾಚಾರ ಕೇಳಿ ಬೇಜಾರು ಮಾಡಿಕೊಂಡ. ಆಮೇಲೆ ನನ್ನನ್ನೇ ದೊಡ್ಡವಳೆಂದು ತಿಳಿದವನ ಹಾಗೆ ವಿವರಿಸಿದ. ಹಳೇ ಎಂಜಿನ್ನು, ಒಳಗಿನ ರಬ್ಬರೆಲ್ಲ ಒಣಗಿರುತ್ತದೆ. ತಿಂಗಳುಗಟ್ಟಲೆ ನಿಂತರೆ ಗೇರಿನ ಕಡೆಯ ಎಣ್ಣೆ ತೊಟ್ಟುತೊಟ್ಟಾಗಿ ಜಿನುಗಿ ಎಂಜಿನ್ನಿನ ತಳಕ್ಕೆ ಸೇರಿಕೊಳ್ಳುತ್ತದೆ. ಚಾಲೂ ಮಾಡಿದ ಕೂಡಲೇ ಅದೆಲ್ಲ ಸುಡಬೇಕು. ಇಟ್ಟಿಗೆ ಭಟ್ಟಿಯ ಹಾಗೆ ಹೊಗೆ ಬರುತ್ತದೆ, ನೋಡಿದವರು ಎಂಜಿನ್ನೇ ಹೋಯಿತು ಅಂದುಕೊಳ್ಳುತ್ತಾರೆ. "ಹತ್ತೇ ನಿಮಿಷ ಬಿಟಿಯಾ. ಹತ್ತು ನಿಮಿಷ ಬಿಟ್ಟರೆ ತಾನೇ ತಿಳಿಯಾಗತ್ತೆ. ಆಗಲೂ ಹೊಗೆ ನಿಲ್ಲದಿದ್ದರೆ ಆಗ ಚಿಂತೆ ಮಾಡೋಣ." ಅದಕ್ಕೇ ಶನಿವಾರವೇ ಬಂದು ಚಾಲೂ ಮಾಡಿ, ಹೊಗೆಯೆಲ್ಲ ತೆಗೆದಿಡುತ್ತೇನೆ ಎಂದ.

ಅಪ್ಪ ಒಪ್ಪಲಿಲ್ಲ. ಕೊಳ್ಳುವವನ ಕಣ್ಣ ಮುಂದೆಯೇ ಅದು ಚಾಲೂ ಆಗಬೇಕು, ಮೊದಲೇ ಬಿಸಿ ಮಾಡಿಟ್ಟು ತೋರಿಸುವುದು ಸರಿಯಲ್ಲ ಎಂದರು. ಮುನ್ನಾ ಶನಿವಾರ ಸಂಜೆ ಬಂದು ಪ್ಲಗ್ ಉಜ್ಜಿ, ಹೊಸ ಪೆಟ್ರೋಲು ಹಾಕಿ, ಚಾಲೂ ಮಾಡದೆಯೇ ಗೊಣಗುತ್ತ ಹೋದ. ಓದಿದವರ ಹತ್ತಿರ ವ್ಯಾಪಾರ ಕಲಿಯಬಾರದು ಎಂದು ಚಾಚಿಯ ಮುಂದೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ರವಿವಾರ ಮಂಜು ಬೇಗ ಕರಗಿ ಒಳ್ಳೆ ಬಿಸಿಲು ಬಿದ್ದಿತ್ತು. ಚಾಚಿ ಅಂಗಳದ ಹೊರಸಿನ ಮೇಲೆ ಉದ್ದಿನ ಸಂಡಿಗೆ ಒಣಹಾಕಿದ್ದರು, ಹಗ್ಗದ ಮೇಲೆ ಒಗೆದ ಬಟ್ಟೆ ಸಾಲಾಗಿ ತೂಗುತ್ತಿತ್ತು. ಹಾಲಿನವರು ಬಂದರು. ಎಲ್ಲರೂ ಅವರನ್ನು ಪಹಲ್ವಾನ್ ಎಂದೇ ಕರೆಯುತ್ತಿದ್ದರು. ಬಾಗಿಲಿಗೆ ಬಗ್ಗಿ ಬರಬೇಕಾದಷ್ಟು ಎತ್ತರ, ಹೆಗಲ ಮೇಲೆ ಗಮಛಾ ಟವೆಲ್ಲು, ಬಹಳ ಮೆತ್ತಗಿನ ದನಿ. ಬೆಳಿಗ್ಗೆಯೇ ಬರುತ್ತೇನೆಂದಿದ್ದ ಮುನ್ನಾ ಯಾವುದೋ ದಿಬ್ಬಣದ ಜೀಪು ಕೆಟ್ಟಿದೆಯೆಂದು ಹೋಗಿದ್ದ. ಹಾಗಾಗಿ ಪಹಲ್ವಾನರೇ ಕಿಕ್ ಹೊಡೆಯಲು ನಿಂತರು.

ಹತ್ತು ಸಲ ಹೊಡೆದರೂ ಅದು ಉಸಿರೆತ್ತಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು, ಏಳಬೇಡ, ಏಳಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹನ್ನೊಂದನೆಯದೋ ಹನ್ನೆರಡನೆಯದೋ ಏಟಿಗೆ ಒಮ್ಮೆ ಕೆಮ್ಮಿತು. ಆಮೇಲೆ ಒಮ್ಮೆಲೇ ಹೊತ್ತಿಕೊಂಡಿತು.

ಅಂಥ ಹೊಗೆಯನ್ನು ನಾನು ಮತ್ತೆಂದೂ ನೋಡಿಲ್ಲ. ಮೊದಲು ಬೆಳ್ಳಗೆ, ಹತ್ತಿಯ ಹಾಗೆ ಸುರುಳಿಸುರುಳಿಯಾಗಿ ಬಂತು. ಆಮೇಲೆ ನೀಲಿ. ನಾಲ್ಕೂ ಕಡೆ ಗೋಡೆಯಿದ್ದ ಅಂಗಳ ಬಾವಿಯ ಹಾಗೆ ತುಂಬಿಕೊಂಡಿತು. ಹೊರಸು ಹೋಯಿತು, ಬಟ್ಟೆ ಹೋದವು, ಅಪ್ಪ ಕಾಣದಾದರು, ಪಹಲ್ವಾನರ ತಲೆಯೂ ಮುಳುಗಿತು. ಚಾಚಿ ನನ್ನ ಸಂಡಿಗೆ, ನನ್ನ ಸಂಡಿಗೆ ಎನ್ನುತ್ತ ಕಣ್ಣು ಮುಚ್ಚಿಕೊಂಡೇ ಓಡಿ ಬಂದರು. ಓಣಿಯವರು ಬೆಂಕಿ ಬಿದ್ದಿದೆಯೆಂದು ತಿಳಿದರು. ವಕೀಲರು ಬನಿಯನ್ನಿನಲ್ಲೇ ಬಕೆಟ್ಟು ಹಿಡಿದು ಬಾಗಿಲಿಗೆ ಬಂದೇಬಿಟ್ಟರು. ಪಹಲ್ವಾನರು ಕೆಮ್ಮುತ್ತ ಹ್ಯಾಂಡಲ್ ಬಿಟ್ಟರು. ಎಂಜಿನ್ನು ಎರಡು ಸಲ ಗುಕ್ಕೆಂದು ನಿಂತಿತು.

ಎಂಜಿನ್ನು ಎಣ್ಣೆ ಕುಡಿಯುತ್ತಿದೆ, ಎಲ್ಲ ಬಿಚ್ಚಬೇಕಾದೀತು ಎಂದು ಪಹಲ್ವಾನರು ಕಣ್ಣೊರೆಸಿಕೊಂಡರು. ಬಹಳ ದಿನ ನಿಂತದ್ದಕ್ಕೆ ಹೀಗೆ, ಹತ್ತು ನಿಮಿಷ ಓಡಲಿ, ತಿಳಿಯಾಗುತ್ತದೆ ಎಂದು ಅಪ್ಪ ಹೇಳಿದರು. ಮಾರುವವರು ಹಾಗೆ ಹೇಳುವುದು ಸಹಜವೆಂದು ಪಹಲ್ವಾನರಿಗೆ ಅನ್ನಿಸಿರಬೇಕು. ಅವರು ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು.

"ಬಿಟಿಯಾ, ನೀನು ಹೇಳು. ಇದು ಮೊದಲಿಂದಲೂ ಹೀಗೇ ಹೊಗೆ ಬಿಡ್ತಿತ್ತಾ?"

ನನಗೆ ಉತ್ತರ ಗೊತ್ತಿತ್ತು. ಮುನ್ನಾ ಹೇಳಿದ್ದೆಲ್ಲ ಬಾಯಿಪಾಠವಾಗಿತ್ತು.

"ಹಾಂ," ಎಂದೆ. "ಹಮೇಶಾ."

ಪಹಲ್ವಾನರು ಅಪ್ಪನಿಗೆ ಕೈಮುಗಿದು, ಬೇಸರ ಮಾಡಿಕೊಳ್ಳಬೇಡಿ ಎಂದು ಹೊರಟರು. ಅಪ್ಪ ಹೊಗೆಯಲ್ಲಿ ಕೋಲೂರಿಕೊಂಡು ನನ್ನನ್ನೇ ನೋಡುತ್ತ ನಿಂತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಗ ಅಡುಗೆಮನೆಯಿಂದ ಅವ್ವ ಬಂದಳು. ಎರಡೂ ಕೈಗೆ ಜೋಳದ ಹಿಟ್ಟು. ಅದನ್ನು ಸೆರಗಿಗೆ ಒರೆಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀದಾ ಗಾಡಿಯ ಹತ್ತಿರ ಹೋದಳು. ಬಿಡು, ನಿನಗ ಆಗೂದಿಲ್ಲ ಎಂದರು ಅಪ್ಪ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆರು ವರ್ಷ ಪ್ರತಿ ರವಿವಾರ ಬಾಗಿಲಲ್ಲಿ ನಿಂತು ನೋಡಿದ್ದನ್ನೇ ಮಾಡಿದಳು. ಸೀಟಿನ ಮೇಲೆ ಒಂದು ಕೈ ಊರಿ, ಲಿವರನ್ನು ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿ, ಮೈಭಾರವೆಲ್ಲ ಬಿಟ್ಟು ತುಳಿದಳು. ಮೊದಲ ಸಲ ಲಿವರು ವಾಪಸು ಬಡಿಯಿತು. ಅವ್ವ ಬಗ್ಗಿ ಮೊಣಕಾಲ ಕೆಳಗೆ ತಿಕ್ಕಿಕೊಂಡಳು. ಎರಡನೆಯ ಸಲ ಕೆಮ್ಮಿತು. ಅಪ್ಪ ಕೋಲನ್ನು ಗೋಡೆಗೆ ಒರಗಿಸಿ, ಕುಂಟುತ್ತ ಬಂದು, ಆಚೆ ಬದಿಯಿಂದ ಹ್ಯಾಂಡಲ್ ಹಿಡಿದು ಎಕ್ಸಲರೇಟರಿನ ಮೇಲೆ ಕೈಯಿಟ್ಟರು.

ಮೂರನೆಯ ಏಟಿಗೆ ಗಾಡಿ ಎದ್ದಿತು. ಅಪ್ಪ ಅದನ್ನು ಸಾಯಲು ಬಿಡಲಿಲ್ಲ.

ಹೊಗೆ ಬಂದೇ ಬಂತು. ಚಾಚಿ ಸಂಡಿಗೆಯ ಆಸೆ ಬಿಟ್ಟು ಮೂಗಿಗೆ ಸೆರಗು ಹಿಡಿದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ವಕೀಲರು ಬಕೆಟ್ಟು ಕೆಳಗಿಟ್ಟರೂ ಹೋಗಲಿಲ್ಲ. ಅಪ್ಪ ಗಡಿಯಾರ ನೋಡುತ್ತಿದ್ದರು. ಹತ್ತು ನಿಮಿಷ ಕಳೆಯಿತು, ಹೊಗೆ ಹಾಗೇ ಇತ್ತು. ನಾನು ಆಡಿದ ಸುಳ್ಳೇ ನಿಜವಾಗಿಬಿಟ್ಟಿತೇ ಎಂದು ಹೆದರಿದೆ. ಆಮೇಲೆ ಯಾವಾಗಲೋ ಹಗ್ಗದ ಮೇಲಿನ ಅವ್ವನ ಹಸಿರು ಸೀರೆ ಕಂಡಿತು. ಅದರ ಹಿಂದೆ ಕಿಟಕಿ, ಕಿಟಕಿಯ ಸರಳು. ಸೈಲೆನ್ಸರಿನಿಂದ ಬರುತ್ತಿದ್ದದ್ದು ತೆಳ್ಳಗಾಗಿ, ಚಳಿಯಲ್ಲಿ ಬಾಯಿಂದ ಬರುವ ಉಸಿರಿನಷ್ಟಾಗಿ, ಕೊನೆಗೆ ಅದೂ ಇಲ್ಲವಾಯಿತು. ಹದಿನಾಲ್ಕು ನಿಮಿಷ ಹಿಡಿಯಿತು. ಎಂಜಿನ್ನು ರವಿವಾರದ ತನ್ನ ಹಳೇ ಸದ್ದಿಗೆ ಬಂದು ಒಂದೇ ಸಮನೆ ಬಡಿಯುತ್ತಿತ್ತು. ಚಾಚಿ ಒಂದು ಸಂಡಿಗೆ ಎತ್ತಿ ಮೂಸಿ ನೋಡಿ ವಾಪಸು ಇಟ್ಟರು.

ಅಪ್ಪ ನನ್ನನ್ನು ಕರೆದರು.

"ಓಡಿ ಹೋಗಿ ಪಹಲ್ವಾನರನ್ನ ಕರಕೊಂಡು ಬಾ. ನೀ ಹೇಳಿದ್ದು ಸುಳ್ಳು ಅಂತ ನೀನ ಹೇಳಬೇಕು."

ನಾನು ಅವ್ವನ ಮುಖ ನೋಡಿದೆ. ಹೋಗು ಎಂದು ಅವಳೂ ಕಣ್ಣಲ್ಲೇ ಹೇಳಿದಳು. ಪಹಲ್ವಾನರು ದೂರ ಹೋಗಿರಲಿಲ್ಲ. ಚೌಕದ ಕಚೋರಿ ಅಂಗಡಿಯ ಮುಂದೆ ಎಲೆಯ ದೊನ್ನೆ ಹಿಡಿದು ನಿಂತಿದ್ದರು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಹಿಂದಿಯಲ್ಲಿ ಜೋಡಿಸಿಕೊಂಡು ಬಂದಿದ್ದೆ, ಅವರೆದುರು ನಿಂತಾಗ ಅರ್ಧ ಕನ್ನಡವೇ ಬಂತು. ಅವರಿಗೆ ತಿಳಿಯಿತು. ತಮ್ಮ ದೊನ್ನೆಯಿಂದ ಒಂದು ಜಿಲೇಬಿ ಎತ್ತಿ ನನಗೆ ಕೊಟ್ಟು, ತಾವು ಕೈ ತೊಳೆದುಕೊಂಡು ನನ್ನ ಹಿಂದೆ ಬಂದರು.

ಬಂದವರು ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು, ಅದನ್ನು ಮೂಸಿ ನೋಡಿದರು. ಕೈಗೆ ಏನೂ ಹತ್ತಿರಲಿಲ್ಲ. ಚಾಲೂ ಮಾಡಿದ್ದು ಯಾರು ಎಂದು ಕೇಳಿದರು. ಅವ್ವ ಅವರಿಗೆ ಅರ್ಥವಾಗುವ ಹಾಗೆ "ಹಮ್" ಎಂದಳು, ಅಂದರೆ ನಾನು. ಅವರು ತಲೆದೂಗಿದರು. ಗಾಡಿ ಚೆನ್ನಾಗಿದೆ, ತೆಗೆದುಕೊಳ್ಳುತ್ತೇನೆ ಎಂದರು.

ಅಪ್ಪ ಒಪ್ಪಿಕೊಂಡುಬಿಡುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಆದರೆ ಅವರು ಅವ್ವನ ಕಡೆ ತಿರುಗಿದರು. ಬನಾರಸಿಗೆ ಬರುವುದು, ಯಾವ ಓಣಿಯಲ್ಲಿ ಮನೆ, ನನಗೆ ಯಾವ ಶಾಲೆ, ಈ ಗಾಡಿ ಕೊಂಡದ್ದು, ಎಲ್ಲವನ್ನೂ ಅಪ್ಪ ತಾವೇ ಗೊತ್ತುಮಾಡಿ ಆಮೇಲೆ ತಿಳಿಸಿದವರು. ಅಂಥವರು ಅವತ್ತು ಹಾಲಿನವರ ಮುಂದೆ, ಓಣಿಯವರ ಮುಂದೆ ಅವ್ವನನ್ನು ಕೇಳಿದರು.

"ಕೊಡೂಣೇನು?"

ಅವ್ವ ಕೈಯಲ್ಲಿ ಒಣಗಿದ್ದ ಹಿಟ್ಟನ್ನು ಉಜ್ಜುತ್ತ ನಿಂತಳು.

"ಬ್ಯಾಡ," ಎಂದಳು. "ಕಿಕ್ ನಾ ಹೊಡೀತೀನಿ. ನೀವು ನಡಸ್ರಿ." ಗಾಡಿಯ ಕಡೆ ನೋಡುತ್ತಲೇ ಹೇಳಿದಳು: "ಮಠಕ್ಕ ಹೋಗಿ ಐದು ತಿಂಗಳಾತು. ಮಾತಾಡೂದ ಮರತೀನಿ ಅನಸ್ತದ."

ಅಪ್ಪ ಇದನ್ನು ಯೋಚಿಸಿಯೇ ಇರಲಿಲ್ಲವೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅವರು ಪಹಲ್ವಾನರ ಕ್ಷಮೆ ಕೇಳಿದರು, ಎರಡೆರಡು ಸಲ ಓಡಾಡಿಸಿದೆ ಎಂದರು. ಪಹಲ್ವಾನರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಭಾಭೀಜಿಯ ಕಾಲಿಗೆ ಏಳುವ ಗಾಡಿ ನನ್ನ ಕಾಲಿಗೆ ಎದ್ದೂ ನಿಂತುಹೋಯಿತಲ್ಲ, ಅದು ಯಾರದೆಂದು ಅದಕ್ಕೇ ಗೊತ್ತಿದೆ ಎಂದು ನಗುತ್ತ ಹೋದರು. ಮುಂದೆ ಅವರು ಬೇರೆ ಗಾಡಿ ಕೊಂಡರು, ನಮ್ಮ ಮನೆಗೂ ಹಾಲು ಹಾಕತೊಡಗಿದರು.

ಅವತ್ತೇ ನಾವು ಮಠಕ್ಕೆ ಹೋದೆವು. ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಅವ್ವ ಗಾಡಿಯ ಸ್ಟ್ಯಾಂಡ್ ತೆಗೆಯಲು ಹಿಂದಿನಿಂದ ನೂಕಿ, ಆಮೇಲೆ ಹತ್ತಿ ಕೂತಳು. ಅಪ್ಪ ಬಹಳ ನಿಧಾನವಾಗಿ ಓಡಿಸಿದರು. ಗೋದೌಲಿಯಾದ ಗದ್ದಲದ ನಡುವೆ ಗಾಡಿ ಗಪ್ಪನೆ ನಿಂತುಬಿಟ್ಟಿತು. ಅವ್ವ ಕೆಳಗಿಳಿದಳು, ಸೆರಗು ಸಿಕ್ಕಿಸಿದಳು, ನಡು ಚೌಕದಲ್ಲಿ ಕಿಕ್ ಹೊಡೆದಳು. ಸೈಕಲ್ ರಿಕ್ಷಾದವರು ಪೆಡಲ್ ತುಳಿಯುವುದನ್ನು ಬಿಟ್ಟು ನೋಡಿದರು. ನಾನು ನಾಚಿಕೆಯಿಂದ ಟ್ಯಾಂಕಿಗೆ ಮುಖ ಹುದುಗಿಸಿದೆ. ಆಗ ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, ಗಾಡಿ ಉಳೀಬೇಕು ಅಂತ ನಿನಗ ಇತ್ತಂದ್ರ ನನಗ ಹೇಳಬೇಕಾಗಿತ್ತು, ಅವರಿಗ್ಯಾಕ ಸುಳ್ಳು ಹೇಳ್ದಿ ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು. ಮಠದ ಅಡುಗೆಮನೆಯಲ್ಲಿ ಅವ್ವ ಅವತ್ತು ಹೊತ್ತಿಳಿಯುವವರೆಗೂ ಮಾತಾಡಿದಳು. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಅವಸರ ಮಾಡದೆ ಕಾದರು.

ಅದಾದ ಮೇಲೆ ಇನ್ನೂ ನಾಲ್ಕು ವರ್ಷ ನಾವು ಅಲ್ಲಿದ್ದೆವು. ರವಿವಾರ ಅವ್ವ ಕಿಕ್ ಹೊಡೆಯುವುದನ್ನು ನೋಡಲು ಚಾಚಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹಾಗೆ ನಿಂತು ನಿಂತೇ ಇಬ್ಬರಿಗೂ ಮಾತು ಬೆಳೆಯಿತು. ಅವ್ವ ಕೊನೆಕೊನೆಗೆ ಬನಾರಸಿ ಹಿಂದಿಯಲ್ಲಿ ಜಗಳ ಆಡುವಷ್ಟು ಕಲಿತಳು. ಊರಿಗೆ ವಾಪಸಾಗುವಾಗ ಗಾಡಿಯನ್ನು ಮುನ್ನಾನಿಗೆ ಬಿಟ್ಟು ಬಂದೆವು.

ಈಗ ನಾನು ಓಡಿಸುವ ಸ್ಕೂಟರಿಗೆ ಹೊಗೆಯಿಲ್ಲ, ಸದ್ದೂ ಇಲ್ಲ. ಅದು ಒಳ್ಳೆಯದೇ. ನನ್ನ ಮಗಳಿಗೆ ಧೂಳು, ಹೊಗೆ ಆಗಿಬರುವುದಿಲ್ಲ, ಆ ಹಳೇ ಹೊಗೆ ಮತ್ತೆ ಬರಲೆಂದು ನಾನೇನೂ ಬಯಸುವುದಿಲ್ಲ. ಕಳೆದುಹೋದದ್ದು ಬೇರೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಚಾಚಿಯ ಪತ್ರ ಬರುವುದು ಅದಕ್ಕೂ ಮೊದಲೇ ನಿಂತಿತ್ತು. ಅಷ್ಟು ಕಷ್ಟಪಟ್ಟು ಕಲಿತ ಹಿಂದಿಯನ್ನು ಅವ್ವ ಆಡುವವರಿಲ್ಲದೆ ಮರೆತಿದ್ದಾಳೆ. ನನ್ನ ನಾಲಿಗೆಯಿಂದಲೂ ಆ ಓಣಿಯ ಧಾಟಿ ಹೋಗಿದೆ.

ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ, ಗಟ್ಟಿಯಾಗಿದ್ದಾಳೆ. ಮೊನ್ನೆ ಮಗಳಿಗೆ ಈ ಕತೆ ಹೇಳುತ್ತ, ಅಂಗಳದ ತುಂಬ ಹೊಗೆ, ವಕೀಲರ ಬಕೆಟ್ಟು, ಚಾಚಿಯ ಸಂಡಿಗೆ ಎಂದು ಬಣ್ಣಿಸುತ್ತಿದ್ದೆ. ಅವ್ವ ಬೆಳ್ಳುಳ್ಳಿ ಸುಲಿಯುತ್ತ ಕೇಳುತ್ತಿದ್ದಳು. ಹೊಗೆ ಅವಳಿಗೆ ನೆನಪಿಲ್ಲವಂತೆ. ಬಕೆಟ್ಟೂ ಇಲ್ಲ, ಸಂಡಿಗೆಯೂ ಇಲ್ಲ.

"ಅವತ್ತ ನಿಮ್ಮಪ್ಪ ನನ್ನ ಕೇಳಿದ್ರು," ಎಂದಳು. "ಅದೊಂದು ನೆನಪದ."

ಮಗಳು ನನ್ನ ಮುಖ ನೋಡಿದಳು. ಅಷ್ಟು ದೊಡ್ಡ ಹೊಗೆಯನ್ನು ನೋಡಿದ ನಮ್ಮ ಮನೆಯವರಲ್ಲಿ ಅದನ್ನು ನೆನಪಿಟ್ಟುಕೊಂಡವಳು ಈಗ ನಾನೊಬ್ಬಳೇ ಉಳಿದಿದ್ದೇನೆ.